ಹಗುರ ಮೂಟೆ, ಭಾರೀ ಬೆಲೆ: ಸ್ವಿಟ್ಜರ್ಲೆಂಡಿನ ದುಡ್ಡು, ದುಡಿಮೆ, ವ್ಯಾಪಾರ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಕಣ್ಣು ಎಳೆಯುತ್ತದೆ. ಮೂವತ್ತು ವರ್ಷ ಕಾಮರ್ಸ್ ಪಾಠ ಮಾಡಿದವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಮೊದಲು ನಿಮ್ಮ ಕೈಗೊಂದು ಕೆಲಸ ಕೊಡುತ್ತೇನೆ. ಈ ನಾಣ್ಯ ತಗೊಳ್ಳಿ. ಮುಂದಿನ ಸಾಲಿನಿಂದ ಶುರುವಾಗಿ ಕೈಯಿಂದ ಕೈಗೆ ದಾಟುತ್ತಾ ಹೋಗಲಿ.

ಇದು ಸ್ವಿಟ್ಜರ್ಲೆಂಡಿನ 10 ರಾಪೆನ್. ನಮ್ಮ ರೂಪಾಯಿಗೆ ನೂರು ಪೈಸೆ ಇದ್ದ ಹಾಗೆ ಅಲ್ಲಿ ಒಂದು ಫ್ರಾಂಕಿಗೆ ನೂರು ರಾಪೆನ್. ಜರ್ಮನ್ ಮಾತಾಡುವವರು ರಾಪೆನ್ ಅನ್ನುತ್ತಾರೆ. ಫ್ರೆಂಚ್ ಮಾತಾಡುವವರಿಗೆ ಅದೇ ಸಾಂತೀಮ್, ಇಟಾಲಿಯನ್ ಮಾತಾಡುವವರಿಗೆ ಚೆಂತೇಸಿಮೊ. ರೊಮಾಂಶ್ ಎಂಬ ನಾಲ್ಕನೇ ಭಾಷೆಯೂ ಇದೆ. ನಾಣ್ಯದ ಮೇಲೆ ಯಾವ ಭಾಷೆ ಹಾಕಿದರೂ ಉಳಿದ ಮೂರು ಕಡೆಯವರಿಗೆ ಬೇಜಾರು. ಹಾಗಾಗಿ ಯಾರೂ ಮನೆಯಲ್ಲಿ ಮಾತಾಡದ ಲ್ಯಾಟಿನ್‌ನಲ್ಲಿ 'ಕಾನ್‌ಫೆಡರೇಶಿಯೊ ಹೆಲ್ವೆಟಿಕಾ' ಎಂದು ಬರೆದರು. ಅವರ ಕರೆನ್ಸಿಗೆ ಸಿಎಚ್‌ಎಫ್ ಅನ್ನುತ್ತಾರಲ್ಲ, ಆ ಸಿ ಮತ್ತು ಎಚ್ ಬಂದದ್ದು ಇದರಿಂದಲೇ. ಗಡಿ ಜಿಲ್ಲೆಯವರಾದ ನಮಗೆ ಈ ಉಪಾಯದ ಬೆಲೆ ಬೇಗ ಅರ್ಥವಾಗುತ್ತದೆ, ಅಲ್ವಾ?

ನಾಣ್ಯದ ಮೇಲೆ ಒಬ್ಬ ಹೆಂಗಸಿನ ತಲೆ ಇದೆ. ಈ ಚಿತ್ರ 1879ರಿಂದ ಬದಲಾಗಿಲ್ಲ. ಆ ವರ್ಷ ಅಚ್ಚು ಹಾಕಿದ ನಾಣ್ಯ ನಿಮಗೆ ಸಿಕ್ಕರೆ ಇವತ್ತೂ ಅಂಗಡಿಯಲ್ಲಿ ಕೊಟ್ಟು ಸಾಮಾನು ತರಬಹುದು. ಬದಲಾಗದೆ ಚಲಾವಣೆಯಲ್ಲಿರುವ ಅತಿ ಹಳೆಯ ನಾಣ್ಯ ಎಂದು ಗಿನ್ನೆಸ್‌ನವರು ದಾಖಲೆ ಬರೆದುಕೊಂಡಿದ್ದಾರೆ. ಅಷ್ಟು ಕಾಲದಲ್ಲಿ ನಾವು ರಾಣಿಯ ರೂಪಾಯಿ, ಆಣೆ, ಕಾಸು, ನಯಾಪೈಸೆ ಎಲ್ಲ ನೋಡಿ ಮುಗಿಸಿದ್ದೇವೆ.

ಈಗ ಇಸವಿ ನೋಡಿ. ನಿಮ್ಮ ಕೈಯಲ್ಲಿರುವುದು 1970ರದ್ದು. ಆ ವರ್ಷ ಒಂದು ಡಾಲರಿಗೆ ಏಳೂವರೆ ರೂಪಾಯಿ. ಅದೇ ಡಾಲರಿಗೆ ನಾಲ್ಕು ಫ್ರಾಂಕ್ ಚಿಲ್ಲರೆ. ಭಾಗಿಸಿದರೆ ಒಂದು ಫ್ರಾಂಕಿಗೆ ಎರಡು ರೂಪಾಯಿಯೂ ಆಗುತ್ತಿರಲಿಲ್ಲ. ಅಂದರೆ ಈ ನಾಣ್ಯದ ಬೆಲೆ ಆಗ ಸುಮಾರು 17 ಪೈಸೆ. ಇವತ್ತು ಒಂದು ಫ್ರಾಂಕಿಗೆ ನೂರು ರೂಪಾಯಿಗೂ ಜಾಸ್ತಿ. ಇದೇ ನಾಣ್ಯ ಈಗ ಹತ್ತು ರೂಪಾಯಿಗಿಂತ ಮೇಲೆ.

ರೂಪಾಯಿ ಇಳಿಯಿತು, ಅದು ನಮ್ಮ ಕತೆ. ಆದರೆ ಫ್ರಾಂಕ್ ಡಾಲರನ್ನೂ ಹಿಂದೆ ಹಾಕಿತು. ಆಗ ಡಾಲರ್ ಕೊಟ್ಟರೆ ನಾಲ್ಕು ಫ್ರಾಂಕ್ ಸಿಗುತ್ತಿತ್ತು, ಈಗ ಒಂದೂ ಸಿಗುವುದಿಲ್ಲ. ಸಮುದ್ರ ಇಲ್ಲ, ಎಣ್ಣೆ ಇಲ್ಲ, ಕಲ್ಲಿದ್ದಲು ಇಲ್ಲ ಅನ್ನುವಷ್ಟು ಕಮ್ಮಿ. ಕರ್ನಾಟಕದ ಕಾಲು ಭಾಗದಷ್ಟೂ ಜಾಗ ಇಲ್ಲ. ಜನ 90 ಲಕ್ಷ, ಬೆಂಗಳೂರಿಗಿಂತ ಕಮ್ಮಿ. ಅಂಥ ದೇಶದ ದುಡ್ಡು ಹೀಗೆ ಏರುತ್ತಾ ಹೋಗಲು ಏನು ಕಾರಣ? ಏರಿದ ದುಡ್ಡನ್ನು ಇಟ್ಟುಕೊಂಡು ಅವರು ವ್ಯಾಪಾರ ಹೇಗೆ ಮಾಡುತ್ತಾರೆ? ಈ ಎರಡನೇ ಪ್ರಶ್ನೆ ನನಗೆ ಹೆಚ್ಚು ಇಷ್ಟ. ಯಾಕೆಂದರೆ ದುಡ್ಡಿನ ಬೆಲೆ ಏರಿದರೆ ಒಳ್ಳೆಯದು ಎಂದೇ ನಾವೆಲ್ಲ ತಿಳಿದಿದ್ದೇವೆ. ಅಲ್ಲಿ ಕಾರ್ಖಾನೆ ನಡೆಸುವವರನ್ನು ಕೇಳಿದರೆ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಮೊದಲು ಬೆಟ್ಟದ ವಿಚಾರ ಹೇಳಬೇಕು. ಈಗ ಶ್ರೀಮಂತಿಕೆ ನೋಡಿ ನಾವು ಮರೆಯುತ್ತೇವೆ, ಆದರೆ ಅದು ಬಡ ದೇಶವಾಗಿತ್ತು. ಬೇರೆಯವರ ಯುದ್ಧಕ್ಕೆ ಕೂಲಿ ಸಿಪಾಯಿಗಳನ್ನು ಕಳಿಸುವುದೇ ಒಂದು ಕಾಲದಲ್ಲಿ ಅವರ ದೊಡ್ಡ ರಫ್ತು. ವ್ಯಾಟಿಕನ್‌ನಲ್ಲಿ ಪೋಪರನ್ನು ಕಾಯುವ ಬಣ್ಣದ ಉಡುಪಿನ ಕಾವಲುಗಾರರಿದ್ದಾರಲ್ಲ, 1506ರಿಂದ ಇರುವ ಆ ಪಡೆ ಅದರ ಪಳೆಯುಳಿಕೆ. 1819ರಲ್ಲಿ ಹಸಿವು ತಾಳದೆ ಸಾವಿರಾರು ಜನ ಬ್ರೆಜಿಲ್‌ಗೆ ಹಡಗು ಹತ್ತಿದರು. ನೋವಾ ಫ್ರಿಬರ್ಗೊ ಎಂಬ ಊರು ಕಟ್ಟಿದ್ದು ಅವರೇ.

ಆಲ್ಪ್ಸ್ ದಾಟಿ ಸಾಮಾನು ಸಾಗಿಸಬೇಕು ಅಂದರೆ ಹೇಸರಗತ್ತೆಯ ಬೆನ್ನೇ ಗತಿ. ಗೊತ್ತಾರ್ಡ್ ರೈಲು ಸುರಂಗ ತೆರೆದದ್ದು 1882ರಲ್ಲಿ. ಅದಕ್ಕೂ ಹಿಂದೆ ಹೇಸರಗತ್ತೆಯ ಮೇಲೆ ಏನು ಹೊರಿಸುತ್ತೀರಿ? ಕಬ್ಬಿಣ ಹೊರಿಸಿದರೆ ಸಾಗಣೆ ಖರ್ಚೇ ಬೆಲೆಗಿಂತ ಜಾಸ್ತಿ. ಹಾಗಾದರೆ ಮೂಟೆ ಹಗುರ ಇರಬೇಕು, ಬೆಲೆ ಭಾರ ಇರಬೇಕು. ಕಚ್ಚಾ ಸಾಮಾನು ಹೊರಗಿನಿಂದಲೇ ಬರಬೇಕು, ಅದೂ ಸ್ವಲ್ಪವೇ. ಅದರ ಮೇಲೆ ಕೈಕೆಲಸ ಮಾತ್ರ ಬೇಕಾದಷ್ಟು ಸುರಿಯಬೇಕು. ಗಡಿಯಾರ ಹುಟ್ಟಿದ್ದು ಈ ಲೆಕ್ಕದಲ್ಲಿ. ಸೇಂಟ್ ಗ್ಯಾಲನ್ನಿನ ಕಸೂತಿ ಬಟ್ಟೆಯೂ ಅಷ್ಟೇ. ಮೊದಲ ಮಹಾಯುದ್ಧಕ್ಕೆ ಮುಂಚೆ ಆ ದೇಶದ ಅತಿ ದೊಡ್ಡ ರಫ್ತು ಕಸೂತಿ ಎಂದರೆ ಈಗ ಯಾರೂ ನಂಬುವುದಿಲ್ಲ.

ಗಡಿಯಾರದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಿನೀವಾದಲ್ಲಿ 16ನೇ ಶತಮಾನದಲ್ಲಿ ಧರ್ಮಸುಧಾರಕ ಕಾಲ್ವಿನ್ ಒಡವೆಗೆ ಕಡಿವಾಣ ಹಾಕಿದ. ಕೆಲಸ ಕಳೆದುಕೊಂಡ ಅಕ್ಕಸಾಲಿಗರು ಗಡಿಯಾರಕ್ಕೆ ತಿರುಗಿದರು ಎನ್ನುತ್ತಾರೆ. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ವಿದ್ಯೆ ತಂದರು. ಅಲ್ಲಿಂದ ಅದು ಜೂರಾ ಬೆಟ್ಟಸಾಲಿಗೆ ಹತ್ತಿತು. ಅಲ್ಲಿ ಚಳಿಗಾಲ ಉದ್ದ. ಹಿಮ ಬಿದ್ದ ಮೇಲೆ ರೈತನಿಗೆ ಕೆಲಸವಿಲ್ಲ. ಒಂದು ಮನೆಯಲ್ಲಿ ಚಕ್ರ, ಇನ್ನೊಂದು ಮನೆಯಲ್ಲಿ ಮುಳ್ಳು, ಮತ್ತೊಂದರಲ್ಲಿ ಸ್ಪ್ರಿಂಗು. ಮಧ್ಯವರ್ತಿ ಸಾಮಾನು ಕೊಟ್ಟು ಹೋಗುತ್ತಾನೆ, ವಾರದ ಮೇಲೆ ಬಂದು ತಯಾರಾದ ಭಾಗ ಒಯ್ಯುತ್ತಾನೆ. ನಿಮಗೆ ಇದು ಹೊಸದಲ್ಲ. ನಮ್ಮ ಕಡೆ ಬೀಡಿ ಕಟ್ಟುವುದು ಹೀಗೇ ತಾನೆ? ಎಲೆ, ಹೊಗೆಸೊಪ್ಪು ಮನೆಗೆ ಬರುತ್ತದೆ, ಕಟ್ಟಿದ ಬೀಡಿ ವಾಪಸ್ ಹೋಗುತ್ತದೆ. ವ್ಯವಸ್ಥೆ ಅದೇ. ಆದರೆ ಬೀಡಿ ಕಟ್ಟುವ ಕೈಗೆ ಕೆಲಸ ನೂರು ವರ್ಷ ಆದರೂ ಅಷ್ಟೇ ಉಳಿಯಿತು. ಜೂರಾದಲ್ಲಿ ಕೆಲಸ ವರ್ಷ ವರ್ಷ ಕಷ್ಟವಾಗುತ್ತಾ ಹೋಯಿತು, ಕೂಲಿಯೂ ಏರಿತು.

ಲಾ ಶೋ ದ ಫೋಂ ಅಂತ ಒಂದು ಊರು. 1794ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಗಡಿಯಾರದವರಿಗೆ ಬೇಕಾದ ಹಾಗೆ ಕಟ್ಟಿದರು. ನೆಟ್ಟಗಿನ ಸಮಾನಾಂತರ ಬೀದಿಗಳು, ಸಾಲು ಮನೆಗಳು, ದೊಡ್ಡ ಕಿಟಕಿಗಳು. ಸಣ್ಣ ಹಲ್ಲಿನ ಚಕ್ರದ ಮೇಲೆ ಕೆಲಸ ಮಾಡುವವನಿಗೆ ಎಲ್ಲಕ್ಕಿಂತ ಮೊದಲು ಬೆಳಕು ಬೇಕು. ಇಡೀ ಊರೇ ಒಂದು ಕಾರ್ಖಾನೆ ಇದ್ದಂತೆ ಎಂದು ಕಾರ್ಲ್ ಮಾರ್ಕ್ಸ್ ಈ ಊರಿನ ಬಗ್ಗೆ ಬರೆದಿದ್ದಾನೆ. ಪಕ್ಕದ ಲೆ ಲೋಕ್ಲ್ ಜೊತೆ ಸೇರಿಸಿ 2009ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಆಮೇಲೆ ಬಿದ್ದ ಏಟು ನೋಡಿ. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಿಟ್ಟಿತು. ತಮಾಷೆ ಅಂದರೆ ಸ್ವಿಸ್‌ನವರು ನ್ಯೂಶಾಟೆಲ್‌ನ ಪ್ರಯೋಗಾಲಯದಲ್ಲಿ 1967ರಲ್ಲೇ ಕ್ವಾರ್ಟ್ಜ್ ಗಡಿಯಾರದ ಮಾದರಿ ಮಾಡಿಟ್ಟಿದ್ದರು. ವಿದ್ಯೆ ಕೈಯಲ್ಲಿತ್ತು, ಮನಸ್ಸು ಬರಲಿಲ್ಲ. ಚಕ್ರ, ಸ್ಪ್ರಿಂಗಿನ ಮೇಲೆ ಅಷ್ಟು ಪ್ರೀತಿ. ಅದೇ ಹೊತ್ತಿಗೆ ಫ್ರಾಂಕ್ ಏರತೊಡಗಿತು. 1970ರಲ್ಲಿ ಈ ಉದ್ಯಮದಲ್ಲಿ ಸುಮಾರು 90,000 ಜನ ಇದ್ದರು. ಹದಿನೈದು ವರ್ಷದಲ್ಲಿ ಮೂರನೇ ಒಂದು ಭಾಗ ಉಳಿದರು. ಹಳ್ಳಿಗೆ ಹಳ್ಳಿಯೇ ಬಾಗಿಲು ಹಾಕಿತು.

ಎದ್ದದ್ದು ಎರಡು ಕಾಲಿನ ಮೇಲೆ. ಒಂದು ಪ್ಲಾಸ್ಟಿಕ್ ಕಾಲು: 1983ರ ಸ್ವಾಚ್. ಭಾಗಗಳನ್ನು 51ಕ್ಕೆ ಇಳಿಸಿ, ಯಂತ್ರದಲ್ಲಿ ಜೋಡಿಸಿ, ಬಣ್ಣ ಬಣ್ಣದ ಅಗ್ಗದ ಗಡಿಯಾರ ಮಾಡಿದರು. ಅದರ ಹಿಂದಿದ್ದ ನಿಕೋಲಸ್ ಹಾಯೆಕ್ ಲೆಬನಾನ್ ಮೂಲದವರು. ಇನ್ನೊಂದು ಕಾಲು ಚಿನ್ನದ್ದು. ಗಡಿಯಾರ ಸಮಯ ನೋಡಲಿಕ್ಕಲ್ಲ, ಕಟ್ಟಿಕೊಂಡು ತೋರಿಸಲಿಕ್ಕೆ ಎಂದು ಜಗತ್ತಿಗೆ ಒಪ್ಪಿಸಿಬಿಟ್ಟರು. ಈಗ ಎರಡನೇ ಕಾಲೇ ಗಟ್ಟಿ. 2024ರಲ್ಲಿ ಅವರು ಹೊರಗೆ ಕಳಿಸಿದ ಕೈಗಡಿಯಾರ ಒಂದೂವರೆ ಕೋಟಿ ಚಿಲ್ಲರೆ. ಚೀನಾ ಕಳಿಸುವುದರ ಮುಂದೆ ಇದು ಏನೂ ಅಲ್ಲ. ಆದರೆ ದುಡ್ಡು ಸುಮಾರು 2,500 ಕೋಟಿ ಫ್ರಾಂಕ್. ಗಡಿಯಾರ ಒಂದಕ್ಕೆ ಸರಾಸರಿ 1,600 ಫ್ರಾಂಕಿನ ಆಸುಪಾಸು. ಅದೂ ಕಾರ್ಖಾನೆಯಿಂದ ಹೊರಡುವ ಬೆಲೆ, ಅಂಗಡಿಯದ್ದಲ್ಲ. ನನ್ನ ಕೈಯಲ್ಲಿರುವುದು ಎಚ್‌ಎಂಟಿ. ಸಮಯ ಎರಡೂ ಒಂದೇ ತೋರಿಸುತ್ತವೆ.

ಗಡಿಯಾರ ಇಷ್ಟು ಹೆಸರು ಮಾಡಿದ್ದರೂ ದೇಶದ ಹೊಟ್ಟೆ ತುಂಬಿಸುವುದು ಅದಲ್ಲ. ರಫ್ತಿನ ಸುಮಾರು ಅರ್ಧ ಔಷಧಿ ಮತ್ತು ರಾಸಾಯನಿಕ. ಅದರ ತವರು ಬಾಸೆಲ್. ರೈನ್ ನದಿ ಅಲ್ಲಿ ತಿರುವು ತಗೊಂಡು ಜರ್ಮನಿ, ಫ್ರಾನ್ಸ್ ಕಡೆ ಹೊರಡುತ್ತದೆ. ಈ ಊರಲ್ಲಿ ಮೊದಲಿದ್ದದ್ದು ರೇಷ್ಮೆ ರಿಬ್ಬನ್ನಿನ ಕೆಲಸ. ರಿಬ್ಬನ್ನಿಗೆ ಬಣ್ಣ ಬೇಕು. 1859ರಲ್ಲಿ ಅಲೆಕ್ಸಾಂಡರ್ ಕ್ಲಾವೆಲ್ ಎಂಬಾತ ಫುಕ್ಸಿನ್ ಎಂಬ ಕೆನ್ನೇರಳೆ ಬಣ್ಣ ತಯಾರಿಸಲು ಶುರುಮಾಡಿದ. ಆ ಬಣ್ಣ ಕಂಡುಹಿಡಿದದ್ದು ಫ್ರಾನ್ಸಿನಲ್ಲಿ. ಅಲ್ಲಿ ಪೇಟೆಂಟ್ ಒಬ್ಬರ ಕೈಯಲ್ಲಿತ್ತು, ಬೇರೆ ಯಾರೂ ಮಾಡುವಂತಿರಲಿಲ್ಲ. ಗಡಿ ದಾಟಿದರೆ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಕಾನೂನೇ ಇಲ್ಲ! ಫ್ರಾನ್ಸಿನ ರಸಾಯನಶಾಸ್ತ್ರಜ್ಞರು ಗಂಟುಮೂಟೆ ಕಟ್ಟಿಕೊಂಡು ಬಾಸೆಲ್‌ಗೆ ಬಂದರು. ಬಣ್ಣದ ವಿದ್ಯೆಯೇ ಮುಂದೆ ಔಷಧದ ವಿದ್ಯೆ ಆಯಿತು. ಸೀಬಾ, ಗೈಗಿ, ಸ್ಯಾಂಡೋಜ್, ರೋಶ್ ಎಲ್ಲ ಈ ಊರಿನವೇ. ಸೀಬಾ-ಗೈಗಿ ಮತ್ತು ಸ್ಯಾಂಡೋಜ್ 1996ರಲ್ಲಿ ಸೇರಿ ನೊವಾರ್ಟಿಸ್ ಆದವು.

ಪೇಟೆಂಟ್ ಕಾನೂನು ಅವರು ಮಾಡಿದ್ದು 1888ರಲ್ಲಿ. ಅದರಲ್ಲೂ ರಾಸಾಯನಿಕ ತಯಾರಿಕೆಯ ವಿಧಾನವನ್ನು ಹೊರಗಿಟ್ಟರು. ಜರ್ಮನಿ ಒತ್ತಡ ಹಾಕಿದ ಮೇಲೆ 1907ರಲ್ಲಿ ಅದನ್ನೂ ಸೇರಿಸಿದರು. ಇದನ್ನು ಯಾಕೆ ಹೇಳಿದೆ ಅಂದರೆ, ನಾವೂ 1970ರ ಕಾನೂನಿನಲ್ಲಿ ಔಷಧಿಗೆ ಉತ್ಪನ್ನ ಪೇಟೆಂಟ್, ಅಂದರೆ ತಯಾರಿಸುವ ವಿಧಾನಕ್ಕಲ್ಲದೆ ಔಷಧಿಯ ಮೇಲೇ ಹಕ್ಕು, ಕೊಡುತ್ತಿರಲಿಲ್ಲ. ನಮ್ಮ ಅಗ್ಗದ ಮಾತ್ರೆಗಳ ಉದ್ಯಮ ಬೆಳೆದದ್ದು ಆ ನೆರಳಲ್ಲಿ. 2005ರಿಂದ ಕೊಡಲು ಶುರುಮಾಡಿದೆವು. ಆಗಲೂ 2013ರ ಏಪ್ರಿಲ್ 1ರಂದು ರಕ್ತದ ಕ್ಯಾನ್ಸರಿನ ಗ್ಲೀವೆಕ್ ಮಾತ್ರೆಯ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್‌ಗೆ ಪೇಟೆಂಟ್ ಇಲ್ಲ ಎಂದಿತು. ಭಾರತದವರು ಆವಿಷ್ಕಾರಕ್ಕೆ ಗೌರವ ಕೊಡುವುದಿಲ್ಲ ಎಂದು ಆಗ ಹೊರಗೆ ಸಾಕಷ್ಟು ಬೈದರು. ಬೈದದ್ದು ಇರಲಿ, ಬಾಸೆಲ್ ಬೆಳೆದ ದಾರಿಯೂ ಅದೇ. ಬೆಟ್ಟ ಹತ್ತಿ ಆದ ಮೇಲೆ ಏಣಿ ಎಳೆದುಕೊಳ್ಳುವುದು ಎಲ್ಲ ದೇಶದವರಿಗೂ ಬರುತ್ತದೆ.

ಬಾಸೆಲ್ ಎಂದ ಮೇಲೆ, ಎಲ್ಲರೂ ಒಮ್ಮೆ ತಲೆ ಎತ್ತಿ ಮಾಡು ನೋಡಿ. ಈ ಸಭಾಂಗಣದ ಮೇಲೆ ಕೂತಿರುವುದು ಮಂಗಳೂರು ಹೆಂಚು. 1815ರಲ್ಲಿ ಬಾಸೆಲ್‌ನಲ್ಲಿ ಶುರುವಾದ ಮಿಶನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು, ಆಫೀಸು ಮತ್ತು ಲೆಕ್ಕಪತ್ರ ಬಾಸೆಲ್‌ನದ್ದು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಇದು ನಿಮ್ಮ ಕನ್ನಡ ಮೇಷ್ಟ್ರು ಹೇಳಿರುತ್ತಾರೆ. ಕಾಮರ್ಸ್ ಮೇಷ್ಟ್ರು ಹೇಳಬೇಕಾದ್ದು ಇನ್ನೊಂದು. ಮತಾಂತರವಾಗಿ ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಕೆಲಸ ಬೇಕಿತ್ತು. ಅದಕ್ಕೆ ನೇಯ್ಗೆ ಶುರುಮಾಡಿದರು. ಖಾಕಿ ಬಣ್ಣ ಈ ನೇಯ್ಗೆ ಕಾರ್ಖಾನೆಯಲ್ಲೇ ಹದಕ್ಕೆ ಬಂದದ್ದು ಎನ್ನುವ ಮಾತಿದೆ. 1859ರಲ್ಲಿ ಮಿಶನ್‌ಗೆ ಅಂತಲೇ ಒಂದು ವ್ಯಾಪಾರ ಕಂಪನಿ ಬಾಸೆಲ್‌ನಲ್ಲಿ ಹುಟ್ಟಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಣ್ಣು ನೇತ್ರಾವತಿ ದಡದ್ದು.

ಹೆಂಚು ಭಾರದ ಸಾಮಾನು. ಬಾಸೆಲ್‌ನಿಂದ ಯಾರೂ ಹೆಂಚು ಹೊತ್ತು ತರಲಿಲ್ಲ. ಅಚ್ಚಿನ ವಿದ್ಯೆ ತಂದರು, ಲೆಕ್ಕ ಬರೆಯುವ ಶಿಸ್ತು ತಂದರು. ಮೂಟೆ ಇಲ್ಲೂ ಹಗುರವೇ.

ಚಾಕೊಲೇಟ್ ವಿಚಾರ ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಕೋಕೊ ಅಲ್ಲಿ ಬೆಳೆಯುವುದಿಲ್ಲ. ಹಾಲು ಇತ್ತು. ವೆವೆ ಊರಿನ ಡೇನಿಯಲ್ ಪೀಟರ್ 1875ರ ಹೊತ್ತಿಗೆ ಎರಡನ್ನೂ ಸೇರಿಸಿ ಹಾಲಿನ ಚಾಕೊಲೇಟ್ ಮಾಡಿದ. ಪಕ್ಕದಲ್ಲೇ ಇದ್ದವನು ಹಾಲಿನ ಪುಡಿಯ ಮಕ್ಕಳ ಆಹಾರ ಮಾಡುತ್ತಿದ್ದ ಹೆನ್ರಿ ನೆಸ್ಲೆ. 1879ರಲ್ಲಿ ಬರ್ನ್‌ನ ರೊಡಾಲ್ಫ್ ಲಿಂಟ್ ಕೋಕೊ ಮಿಶ್ರಣವನ್ನು ತುಂಬಾ ಹೊತ್ತು ಅರೆದು ನಾಲಿಗೆ ಮೇಲೆ ಕರಗುವ ಹಾಗೆ ಮಾಡಿದ.

ಜನರಿಗೆ ಗೊತ್ತಿಲ್ಲದ್ದು ಕಾಫಿ. ಸ್ವಿಟ್ಜರ್ಲೆಂಡಿನ ಕಾಫಿ ರಫ್ತು ಅದರ ಚಾಕೊಲೇಟ್ ರಫ್ತಿಗಿಂತ, ಚೀಸ್ ರಫ್ತಿಗಿಂತ ದೊಡ್ಡದು. ಒಂದೇ ಒಂದು ಕಾಫಿ ತೋಟ ಇಲ್ಲ! ಹಸಿರು ಬೀಜ ಹೊರಗಿನಿಂದ ಬರುತ್ತದೆ. ಹುರಿದು, ಪುಡಿ ಮಾಡಿ, ಅಲ್ಯೂಮಿನಿಯಂ ಕ್ಯಾಪ್ಸೂಲಿನಲ್ಲಿ ತುಂಬಿ ಕಳಿಸುತ್ತಾರೆ. ಒಂದು ಕ್ಯಾಪ್ಸೂಲಿನಲ್ಲಿ ಐದಾರು ಗ್ರಾಂ ಪುಡಿ. ಕಿಲೋ ಲೆಕ್ಕ ಹಾಕಿದರೆ ಕೊಡಗಿನ ಬೆಳೆಗಾರರಿಗೆ ತಲೆ ಸುತ್ತೀತು. ಅದೇ ನೆಸ್ಲೆ ಕಂಪನಿಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ನಮ್ಮ ನಂಜನಗೂಡಿನಲ್ಲೂ ಇದೆ. ಇನ್ನು ಜಗತ್ತಿನಲ್ಲಿ ಮಾರಾಟವಾಗುವ ಹಸಿರು ಕಾಫಿಯ ಅರ್ಧಕ್ಕೂ ಹೆಚ್ಚು ಭಾಗದ ಕೊಡುಕೊಳ್ಳುವಿಕೆ ನಡೆಯುವುದು ಸ್ವಿಟ್ಜರ್ಲೆಂಡಿನಲ್ಲಿ ಕೂತ ಕಂಪನಿಗಳ ಮೂಲಕ. ಚೀಲ ಬ್ರೆಜಿಲ್‌ನಿಂದ ನೇರವಾಗಿ ಜರ್ಮನಿಯ ಬಂದರಿಗೆ ಹೋಗುತ್ತದೆ, ಕಾಗದ ಮಾತ್ರ ಜಿನೀವಾಕ್ಕೆ ಬರುತ್ತದೆ. ತೈಲ, ತಾಮ್ರ, ಗೋಧಿ ಎಲ್ಲ ಹೀಗೇ. ಈ ಚಾಳಿ ಹಳೆಯದು. ವೋಲ್ಕಾರ್ಟ್ ಬ್ರದರ್ಸ್ ಎಂಬ ಕಂಪನಿ 1851ರಲ್ಲಿ ವಿಂಟರ್‌ಟೂರ್ ಮತ್ತು ಬಾಂಬೆ ಎರಡೂ ಕಡೆ ಒಟ್ಟಿಗೇ ಬಾಗಿಲು ತೆರೆದು ನಮ್ಮ ಹತ್ತಿ, ಕಾಫಿ ಯುರೋಪಿಗೆ ಮಾರಿತು.

ಚಿನ್ನವೂ ಹಾಗೇ. ಗಣಿ ಇಲ್ಲ. ಆದರೆ ಇಟಲಿ ಗಡಿಯ ತಿಚಿನೊ ಪ್ರಾಂತ್ಯದಲ್ಲಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಜಗತ್ತಿನ ಅತಿ ದೊಡ್ಡ ಚಿನ್ನ ಶುದ್ಧಿ ಮಾಡುವ ಕಾರ್ಖಾನೆಗಳಿವೆ. ಅದರಲ್ಲಿ ವಾಲ್‌ಕಾಂಬಿ ಎಂಬುದನ್ನು 2015ರಲ್ಲಿ 40 ಕೋಟಿ ಡಾಲರಿಗೆ ಕೊಂಡದ್ದು ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್. ಭಾರತಕ್ಕೆ ಬರುವ ಚಿನ್ನದಲ್ಲಿ ದೊಡ್ಡ ಪಾಲು ಸ್ವಿಟ್ಜರ್ಲೆಂಡಿನದ್ದು. ನಿಮ್ಮ ಅಕ್ಕನ ಕರಿಮಣಿಯಲ್ಲಿ ತಿಚಿನೊದ ಚಿನ್ನ ಇದ್ದರೂ ಇರಬಹುದು.

ಈಗ ಫ್ರಾಂಕಿಗೆ ಬರುತ್ತೇನೆ. 1848ರ ಸಂವಿಧಾನಕ್ಕೆ ಮುಂಚೆ ಅಲ್ಲಿ ಪ್ರಾಂತ್ಯ, ಪಟ್ಟಣ, ಮಠ ಎಲ್ಲರೂ ನಾಣ್ಯ ಹೊಡೆಸುತ್ತಿದ್ದರು. ಸುಮಾರು 860 ಬಗೆಯ ನಾಣ್ಯ ಓಡಾಡುತ್ತಿದ್ದವು ಎಂದು ಲೆಕ್ಕ. ಒಂದು ಸಂತೆ ಮುಗಿಸುವಷ್ಟರಲ್ಲಿ ಶೆಟ್ಟರ ಗತಿ ಏನಾಗಿರಬೇಡ! 1850ರಲ್ಲಿ ಫ್ರಾಂಕ್ ಒಂದೇ ಎಂದು ಕಾನೂನು ಬಂತು. ಮೊದಲ ನಾಣ್ಯಗಳಲ್ಲಿ ಕೆಲವನ್ನು ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿ ತರಿಸಿದರು. ಕೇಂದ್ರ ಬ್ಯಾಂಕು, ಅಂದರೆ ಸ್ವಿಸ್ ನ್ಯಾಷನಲ್ ಬ್ಯಾಂಕ್, ಕೆಲಸ ಶುರುಮಾಡಿದ್ದು 1907ರಲ್ಲಿ. ಅದರ ಷೇರುಗಳನ್ನು ಮಾರುಕಟ್ಟೆಯಲ್ಲಿ ನೀವೂ ಕೊಳ್ಳಬಹುದು. ನಮ್ಮ ರಿಸರ್ವ್ ಬ್ಯಾಂಕಿನ ಷೇರು ಕೊಳ್ಳುವುದನ್ನು ಊಹಿಸಿಕೊಳ್ಳಿ.

ಎರಡು ಮಹಾಯುದ್ಧದಲ್ಲೂ ದೇಶ ಹೊರಗುಳಿಯಿತು. ಬೆಲೆಯೇರಿಕೆ ಕಮ್ಮಿ. ಸರ್ಕಾರ ಮಿತಿ ಮೀರಿ ಸಾಲ ಮಾಡುವುದಿಲ್ಲ. ಹೀಗಾಗಿ ಜಗತ್ತಿನಲ್ಲಿ ಎಲ್ಲಿ ಗುಡುಗಿದರೂ ದುಡ್ಡಿದ್ದವರು ಓಡಿಬಂದು ಫ್ರಾಂಕಿನ ಮಾಡಿನಡಿ ನಿಲ್ಲುತ್ತಾರೆ. ಎಲ್ಲರೂ ಫ್ರಾಂಕ್ ಕೊಳ್ಳಲು ನಿಂತರೆ ಬೆಲೆ ಏರುತ್ತದೆ. ತಡೆಯಲು ಅವರು ಮಾಡದ ಸರ್ಕಸ್ಸಿಲ್ಲ. 1978ರಲ್ಲಿ ಹೊರದೇಶದವರು ಫ್ರಾಂಕಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಕೊಡುವುದಿರಲಿ, ವರ್ಷಕ್ಕೆ 40% ದಂಡ ಹಾಕುತ್ತಿದ್ದರು. ನಮ್ಮ ಬ್ಯಾಂಕುಗಳು ಠೇವಣಿಗಾಗಿ ಮನೆ ಬಾಗಿಲಿಗೆ ಬರುತ್ತವೆ. ಅಲ್ಲಿ ದಯವಿಟ್ಟು ತರಬೇಡಿ ಎಂದು ದಂಡ!

2011ರಲ್ಲಿ ಯೂರೊ ದೇಶಗಳು ಸಾಲದ ಸುಳಿಗೆ ಸಿಕ್ಕಿದಾಗ ಮತ್ತೆ ಅದೇ ಓಟ. ಸೆಪ್ಟೆಂಬರ್ 6ರಂದು ಕೇಂದ್ರ ಬ್ಯಾಂಕು ಹೇಳಿತು: ಒಂದು ಯೂರೊ 1.20 ಫ್ರಾಂಕಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಎಷ್ಟು ಬೇಕಾದರೂ ಯೂರೊ ಕೊಳ್ಳುತ್ತೇವೆ. ಫ್ರಾಂಕ್ ಅವರದ್ದೇ, ಬೇಕಾದಷ್ಟು ಸೃಷ್ಟಿಸಬಹುದು. ಮೂರು ವರ್ಷ ಹಾಗೇ ಹಿಡಿದಿಟ್ಟರು. 2015ರ ಜನವರಿ 15, ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಮುನ್ಸೂಚನೆ ಇಲ್ಲದೆ ಕೈ ಬಿಟ್ಟರು. ಕೆಲವೇ ನಿಮಿಷದಲ್ಲಿ ಯೂರೊ 0.85 ಫ್ರಾಂಕಿನ ತನಕ ಬಿತ್ತು. ಆಮೇಲೆ ಚೇತರಿಸಿಕೊಂಡು ಒಂದರ ಹತ್ತಿರ ನಿಂತಿತು.

ಇದರ ಅರ್ಥ ಏನು? ಬೋರ್ಡಿನ ಮೇಲೆ ಲೆಕ್ಕ ಮಾಡೋಣ. ನಿಮ್ಮದು ಸಾವಿರ ಫ್ರಾಂಕಿನ ಒಂದು ಯಂತ್ರದ ಭಾಗ. ಬುಧವಾರ ಜರ್ಮನಿಯ ಗಿರಾಕಿಗೆ ಅದು 833 ಯೂರೊ. ಶುಕ್ರವಾರ ಅದೇ ಭಾಗ 1,000 ಯೂರೊ. ನೀವು ಒಂದು ರಾಪೆನ್ ಕೂಡ ಏರಿಸಿಲ್ಲ. ಗಿರಾಕಿ ಫೋನ್ ಮಾಡಿ ಬೇಡ ಅನ್ನುತ್ತಾನೆ. ಬೆಲೆ ಇಳಿಸೋಣ ಎಂದರೆ ಸಂಬಳ, ಬಾಡಿಗೆ ಎಲ್ಲ ಫ್ರಾಂಕಿನಲ್ಲೇ ಕೊಡಬೇಕು. ಇದು ಸುನಾಮಿ ಎಂದು ಸ್ವಾಚ್ ಕಂಪನಿಯ ಮುಖ್ಯಸ್ಥರು ಅವತ್ತೇ ಹೇಳಿದರು. ಪೋಲೆಂಡಿನ ಲಕ್ಷಾಂತರ ಸಂಸಾರಗಳ ಪಾಡು ಇನ್ನೂ ಕೆಟ್ಟದು. ಬಡ್ಡಿ ಕಮ್ಮಿ ಎಂಬ ಆಸೆಗೆ ಅವರು ಮನೆ ಸಾಲವನ್ನು ಫ್ರಾಂಕಿನಲ್ಲಿ ತೆಗೆದಿದ್ದರು. ಸಂಬಳ ಬರುವುದು ಅವರ ಜ್ಲೋಟಿಯಲ್ಲಿ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವಷ್ಟರಲ್ಲಿ ಸಾಲ ದಪ್ಪವಾಗಿತ್ತು.

ಈ ಏಟನ್ನು ನಾನು ಕಣ್ಣಾರೆ ನೋಡಿದ್ದು ಟ್ರಾಮಿನಲ್ಲಿ. ಮಗಳು ಎರಡು ವರ್ಷ ಬಾಸೆಲ್‌ನಲ್ಲಿ ಕೆಲಸದಲ್ಲಿದ್ದಳು, ನಾವಿಬ್ಬರೂ ಹೋಗಿ ಒಂದು ತಿಂಗಳು ಇದ್ದೆವು. ಮೊದಲ ದಿನ ಸ್ಟೇಷನ್ನಿನಲ್ಲಿ ಐದು ಫ್ರಾಂಕ್ ಕೊಟ್ಟು ಒಂದು ಲೋಟ ಕಾಫಿ ಕುಡಿದು, ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿ, ಆಮೇಲೆ ಆ ತಿಂಗಳು ಹೊರಗೆ ಕಾಫಿ ಕುಡಿಯಲಿಲ್ಲ. ಶನಿವಾರ ಬಂತು. "ಅಪ್ಪಾ, ಚೀಲ ತಗೊಳ್ಳಿ, ಜರ್ಮನಿಗೆ ತರಕಾರಿಗೆ ಹೋಗಿ ಬರೋಣ" ಅಂದಳು. ತಮಾಷೆ ಅಂದುಕೊಂಡೆ. ಬಾಸೆಲ್‌ನ 8ನೇ ನಂಬರಿನ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗುತ್ತದೆ. ಆ ಹಳಿ ತೆರೆದದ್ದು 2014ರ ಡಿಸೆಂಬರಿನಲ್ಲಿ. ಫ್ರಾಂಕ್ ಹಾರಿದ್ದು ಅದರ ಮರುತಿಂಗಳು. ಮುಹೂರ್ತ ಇಟ್ಟವರು ಯಾರೋ ಗೊತ್ತಿಲ್ಲ.

ಟ್ರಾಮಿನ ತುಂಬ ಚಕ್ರದ ಚೀಲ ಹಿಡಿದ ಅಜ್ಜಿಯರು. ಆಚೆ ಅಂಗಡಿಯಲ್ಲಿ ಮಾಂಸ, ಸೋಪು, ಮೊಸರು ಎಲ್ಲ ಬಾಸೆಲ್‌ಗಿಂತ ಎಷ್ಟೋ ಅಗ್ಗ. ಬಿಲ್ಲಿನ ಜೊತೆ ಒಂದು ಹಸಿರು ಚೀಟಿ ಬರೆಸಿಕೊಳ್ಳುತ್ತಾರೆ. ಗಡಿಯ ಸುಂಕದ ಕಟ್ಟೆಯಲ್ಲಿ ಅದಕ್ಕೆ ಸೀಲು ಹೊಡೆಸಿದರೆ ಜರ್ಮನಿಯ ತೆರಿಗೆಯೂ ವಾಪಸ್. ಸೀಲಿಗೆ ಉದ್ದ ಕ್ಯೂ. ನಮ್ಮ ಮುಂದಿದ್ದ ಅಜ್ಜಿ ಚೀಟಿಗಳನ್ನು ಇಸ್ಪೀಟಿನ ಹಾಗೆ ಜೋಡಿಸಿ ಹಿಡಿದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಿಲೋ ಮಾಂಸ ಮಾತ್ರ ತರಬಹುದು ಎಂಬ ನಿಯಮ ಇದೆ. ಹಾಗಾಗಿ ಮೊಮ್ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಸಾಮಾನಿನ ಮಿತಿ ಮೊದಲು ತಲೆಗೆ 300 ಫ್ರಾಂಕ್ ಇತ್ತು. ಬಾಸೆಲ್ ಅಂಗಡಿಯವರ ಗೋಳು ಕೇಳಿ 2025ರ ಜನವರಿಯಿಂದ 150ಕ್ಕೆ ಇಳಿಸಿದ್ದಾರೆ.

ದುಡ್ಡು ಗಟ್ಟಿಯಾದರೆ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಪುಸ್ತಕದಲ್ಲಿ ಎರಡು ಪುಟ ಓದುತ್ತೀರಿ. ಆ ಟ್ರಾಮಿನಲ್ಲಿ ಹತ್ತು ನಿಮಿಷ ಕೂತರೆ ಸಾಕು. ಅಜ್ಜಿಗೆ ಲಾಭ, ಅಜ್ಜಿಯ ಬೀದಿಯ ಅಂಗಡಿಯವನಿಗೆ ನಷ್ಟ. ಹೊರಗಿನ ಸಾಮಾನು ಅಗ್ಗವಾಗುವುದರಿಂದ ಬೆಲೆಯೇರಿಕೆಯೂ ಹಿಡಿತದಲ್ಲಿರುತ್ತದೆ. 2022ರಲ್ಲಿ ಯೂರೊ ದೇಶಗಳಲ್ಲಿ ಬೆಲೆ 10% ಏರಿದಾಗ ಅಲ್ಲಿ 3.5% ದಾಟಲಿಲ್ಲ.

ಹಾಗಾದರೆ ಕಾರ್ಖಾನೆಗಳು ಹೇಗೆ ಉಳಿದವು? ಎಲ್ಲವೂ ಉಳಿಯಲಿಲ್ಲ. ಬೆಲೆ ನೋಡಿ ಕೊಳ್ಳುವ ಗಿರಾಕಿಯನ್ನು ನಂಬಿದವು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಗಡಿಯಾಚೆ ಹೋದವು. ಕ್ಯಾನ್ಸರಿನ ಮಾತ್ರೆ ಕೊಳ್ಳುವವನು ಚೌಕಾಸಿ ಮಾಡುವುದಿಲ್ಲ. ಹತ್ತು ಸಾವಿರದ ಗಡಿಯಾರ ಕೊಳ್ಳುವವನು ಎರಡು ಸಾವಿರ ಏರಿತು ಎಂದು ಬಿಟ್ಟು ಹೋಗುವುದಿಲ್ಲ. ಅಂಥ ಸಾಮಾನೇ ಉಳಿಯಿತು. ಹೇಸರಗತ್ತೆಯ ಕಾಲದಲ್ಲಿ ಬೆಟ್ಟ ಜರಡಿ ಹಿಡಿದಿತ್ತು. ಈಗ ಆ ಜರಡಿ ಫ್ರಾಂಕಿನ ಕೈಯಲ್ಲಿದೆ. ಇವತ್ತು ನಾನು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ.

ಬ್ಯಾಂಕಿನ ವಿಚಾರ ಯಾರೋ ಆಗಲೇ ಚೀಟಿ ಕಳಿಸಿದ್ದಾರೆ. ನಮ್ಮಲ್ಲಿ ಸ್ವಿಸ್ ಬ್ಯಾಂಕ್ ಅಂದರೆ ಕಪ್ಪು ಹಣ ಎಂದೇ ಅರ್ಥ. ಗ್ರಾಹಕನ ಗುಟ್ಟು ಬಿಟ್ಟುಕೊಟ್ಟರೆ ಅಪರಾಧ ಎಂಬ ಕಾನೂನು 1934ರದ್ದು. ಅಮೆರಿಕ 2009ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕಾದ ಯುಬಿಎಸ್‌ನಿಂದ 78 ಕೋಟಿ ಡಾಲರ್ ಕಕ್ಕಿಸಿದ ಮೇಲೆ ಆ ಗೋಡೆ ಬಿರುಕುಬಿಟ್ಟಿತು. 2019ರಿಂದ ಭಾರತೀಯರ ಖಾತೆಗಳ ವಿವರ ವರ್ಷ ವರ್ಷ ನಮ್ಮ ಸರ್ಕಾರಕ್ಕೆ ಬರುತ್ತಿದೆ. ಗುಟ್ಟಿನ ವ್ಯಾಪಾರ ಮೊದಲಿನ ಹಾಗಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಕ್ರೆಡಿಟ್ ಸ್ವೀಸ್. ರೈಲು ದಾರಿಗೆ ಬಂಡವಾಳ ಬೇಕೆಂದು ಆಲ್‌ಫ್ರೆಡ್ ಎಶರ್ 1856ರಲ್ಲಿ ಕಟ್ಟಿದ ಬ್ಯಾಂಕು. 2023ರ ಮಾರ್ಚ್ 19, ಭಾನುವಾರ, ಸರ್ಕಾರವೇ ಮಧ್ಯೆ ಕೂತು ಅದನ್ನು 300 ಕೋಟಿ ಫ್ರಾಂಕಿಗೆ ಯುಬಿಎಸ್‌ಗೆ ಒಪ್ಪಿಸಿತು. ನಂಬಿಕೆಯೂ ಹಗುರ ಸಾಮಾನು ತಾನೆ. ಸಾಗಿಸುವುದು ಸುಲಭ, ಒಂದು ವಾರದಲ್ಲಿ ಖಾಲಿಯಾಗುವುದೂ ಸುಲಭ.

ಕೊನೆಗೆ ಸುಂಕದ ಮಾತು. 1992ರಲ್ಲಿ ಯುರೋಪಿನ ಆರ್ಥಿಕ ವಲಯ ಸೇರಬೇಕೋ ಬೇಡವೋ ಎಂದು ಜನಮತ ಕೇಳಿದಾಗ 50.3% ಜನ ಬೇಡ ಅಂದರು. ಕೂದಲೆಳೆಯ ಅಂತರ. ಅಂದಿನಿಂದ ಯುರೋಪಿನ ಜೊತೆ ಒಂದೊಂದು ವಿಷಯಕ್ಕೆ ಒಂದೊಂದು ಒಪ್ಪಂದ ಮಾಡಿಕೊಂಡು ಹೊಟ್ಟೆಪಾಡು. 2024ರ ಜನವರಿ 1ರಿಂದ ಕೈಗಾರಿಕಾ ಸಾಮಾನಿನ ಮೇಲಿನ ಆಮದು ಸುಂಕವನ್ನು ಪೂರ್ತಿ ತೆಗೆದುಹಾಕಿದರು. ಪುಣ್ಯ ಸಿಗಲಿಲ್ಲ. 2025ರ ಆಗಸ್ಟಿನಲ್ಲಿ ಅಮೆರಿಕ ಅವರ ಮೇಲೆ 39% ಸುಂಕ ಹೇರಿತು. ಮೂರು ತಿಂಗಳು ಓಡಾಡಿ ನವೆಂಬರಿನಲ್ಲಿ 15%ಕ್ಕೆ ಒಪ್ಪಿಸಿದರು.

ನಮ್ಮ ಜೊತೆಗಿನ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ದೆಹಲಿಯಲ್ಲಿ ಸಹಿ ಬಿತ್ತು, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಸ್ವಿಟ್ಜರ್ಲೆಂಡ್ ಜೊತೆ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಸೇರಿ ಒಟ್ಟು ನಾಲ್ಕು ದೇಶ. ಹದಿನೈದು ವರ್ಷದಲ್ಲಿ 10,000 ಕೋಟಿ ಡಾಲರ್ ಹೂಡಿಕೆ, ಹತ್ತು ಲಕ್ಷ ಕೆಲಸ ಎಂದು ಕಾಗದದಲ್ಲಿದೆ. ಬದಲಿಗೆ ಅವರ ಗಡಿಯಾರ, ಚಾಕೊಲೇಟಿನ ಮೇಲಿನ ನಮ್ಮ ಸುಂಕ ಹಂತಹಂತವಾಗಿ ಇಳಿಯುತ್ತದೆ. ಹೂಡಿಕೆ ಬರುತ್ತದೋ ಇಲ್ಲವೋ, ಲೆಕ್ಕ ಇಡುವ ಕೆಲಸ ನಿಮ್ಮ ಬ್ಯಾಚಿನವರದ್ದು. ಹದಿನೈದು ವರ್ಷಕ್ಕೆ ನಿಮಗೆಲ್ಲ ಮೂವತ್ತೈದು ದಾಟಿರುತ್ತದೆ.

ಪ್ರಶ್ನೆ ಇದ್ದರೆ ಈಗ ಕೇಳಿ. ಅದಕ್ಕೂ ಮೊದಲು, ನನ್ನ ಹತ್ತು ರಾಪೆನ್ ಎಲ್ಲಿಗೆ ತಲುಪಿತು? ಕೊನೇ ಬೆಂಚಿನವರೇ, ನಿಮ್ಮನ್ನೇ ಕೇಳುತ್ತಿರುವುದು.